ಹಳದಿ ಟೈಲ್ಸ್ ಅಡುಗೆಮನೆ ಫೋಟೊ ನೋಡಿದರೆ ದುಡ್ಡು ಕಳಿಸಬೇಡಿ

ಸ್ವೀಡನ್‌ಗೆ ಎಕ್ಸ್‌ಚೇಂಜ್ ಸೆಮಿಸ್ಟರ್‌ಗೆ ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮನೆಯವರಿಗೂ ಓದಿಸಿ. ನನ್ನ 15,600 ಕ್ರೋನಾ ಹೋಯಿತು. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಒಂದೂಕಾಲು ಲಕ್ಷ ರೂಪಾಯಿ. ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿ ಕೊಟ್ಟ ದುಡ್ಡು. ಇಷ್ಟು ದಿನ ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಆದರೆ ನಿನ್ನೆ ಅದೇ ಮನೆಯ ಅದೇ ಫೋಟೊ ಮತ್ತೆ ಕಣ್ಣಿಗೆ ಬಿತ್ತು. ನನಗೆ ಉಪ್ಸಾಲಾ ಊರಿನ ಮನೆ ಅಂತ ತೋರಿಸಿದ್ದರು, ಈಗ ಲುಂಡ್ ಊರಿನದು ಅಂತ ಹಾಕಿದ್ದಾರೆ. ಫೋಟೊ ಮಾತ್ರ ಅದೇ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ನಾನು ಹೋಗಿದ್ದು 2024ರ ಜನವರಿಯಲ್ಲಿ. ಎಕ್ಸ್‌ಚೇಂಜ್ ಅಂದರೆ ಗೊತ್ತಲ್ವಾ, ಅಲ್ಲಿನ ಫೀಸು ಇಲ್ಲ, ಊಟ ಬಾಡಿಗೆ ನಮ್ಮದು. ಕಾಗದಪತ್ರ ತಡವಾಗಿ ವಿದ್ಯಾರ್ಥಿ ರೂಮಿಗೆ ಅರ್ಜಿ ಹಾಕುವ ಕೊನೆ ದಿನ ತಪ್ಪಿತು. ಆಮೇಲೆ ಗೊತ್ತಾಯಿತು ಅಲ್ಲಿ ಮನೆ ಸಿಗುವುದು ಎಷ್ಟು ಕಷ್ಟ ಅಂತ. ಎಲ್ಲಾ ಕ್ಯೂ ಲೆಕ್ಕ. ಹೆಸರು ಬರೆಸಿ ಎಷ್ಟು ದಿನವಾಯಿತು ಅನ್ನುವುದರ ಮೇಲೆ ಸರದಿ. ಸ್ಟಾಕ್‌ಹೋಮ್‌ನಲ್ಲಂತೂ ವರ್ಷಗಟ್ಟಲೆ ಕಾಯುತ್ತಾರೆ. ಐದು ತಿಂಗಳಿಗೆ ಹೋಗುವವರಿಗೆ ಆ ಸರದಿ ಯಾವಾಗ ಬರಬೇಕು? ಉಳಿಯುವುದು ಆಂದ್ರಹಾಂಡ್ ಒಂದೇ. ಅಂದರೆ ಮನೆ ಇದ್ದವರು ತಾವು ಊರಲ್ಲಿ ಇಲ್ಲದಾಗ ಇನ್ನೊಬ್ಬರಿಗೆ ಬಿಟ್ಟುಕೊಡುವುದು. ಮೋಸ ನಡೆಯುವುದು ಅಲ್ಲೇ.

ಜಾಹೀರಾತಿನಲ್ಲಿ ಉಪ್ಸಾಲಾದ ಲೂಥಾಗೆನ್ ಬಡಾವಣೆ ಅಂತ ಇತ್ತು. ತಿಂಗಳಿಗೆ 5,200 ಕ್ರೋನಾ. ಹಳದಿ ಟೈಲ್ಸ್ ಹಾಕಿದ ಅಡುಗೆಮನೆ, ಕಿಟಕಿ ಹತ್ತಿರ ನೀಲಿ ಕೆಟಲ್, ಗೋಡೆಯಲ್ಲಿ ಪ್ಲಗ್ ಪಾಯಿಂಟ್. ಆ ಪ್ಲಗ್ ಪಾಯಿಂಟ್ ನೆನಪಿಟ್ಟುಕೊಳ್ಳಿ. ಮಾಲೀಕ ತಾನು ಡಾಕ್ಟರ್, ಕೆಲಸಕ್ಕೆ ಲಂಡನ್‌ಗೆ ಬಂದಿದ್ದೇನೆ ಅಂದ. ಮಾತು ಎಷ್ಟು ನಯ ಅಂದರೆ, "ನಿನ್ನ ಮೆಸೇಜ್ ಓದಿದರೆ ಒಳ್ಳೆ ಮನೆತನದ ಹುಡುಗ ಅನ್ನಿಸುತ್ತದೆ" ಅಂತ ಬರೆದಿದ್ದ. ನಾನು ಅದನ್ನು ಅಮ್ಮನಿಗೆ ಓದಿ ಹೇಳಿದೆ! ವಿಡಿಯೊ ಕಾಲ್ ಕೇಳಿದರೆ, ಡ್ಯೂಟಿಯಲ್ಲಿ ಫೋನ್ ಹಿಡಿಯುವ ಹಾಗಿಲ್ಲ. ಎರಡು ದಿನ ಯೋಚಿಸುತ್ತೇನೆ ಅಂದರೆ, "ಇನ್ನೂ ಇಬ್ಬರು ಕೇಳುತ್ತಿದ್ದಾರೆ, ನಾಳೆ ಸಂಜೆವರೆಗೆ ಮಾತ್ರ ನಿನಗಾಗಿ ಇಟ್ಟಿರುತ್ತೇನೆ." ತನ್ನ ಪಾಸ್‌ಪೋರ್ಟ್ ಫೋಟೊ ಕಳಿಸಿದ, ನನ್ನದು ಕೇಳಿದ. ಕಳಿಸಿದೆ. ನಾಲ್ಕು ಪುಟದ ಕರಾರು ಬಂತು. ಸಹಿ ಮಾಡಿದೆ. ಎರಡು ತಿಂಗಳ ಅಡ್ವಾನ್ಸ್, ಒಂದು ತಿಂಗಳ ಬಾಡಿಗೆ.

ದುಡ್ಡು ಕಳಿಸುವ ದಿನ ಬ್ಯಾಂಕಿನಲ್ಲಿ ಕೂತಿದ್ದ ಮೇಡಂ ಖಾತೆ ನಂಬರ್ ನೋಡಿ, "ಸ್ವೀಡನ್ ಅಂತೀರಿ, ಇದು ಎಲ್‌ಟಿ ಅಂತ ಶುರುವಾಗುತ್ತದಲ್ಲ?" ಅಂದರು. ಸ್ವೀಡನ್ ಖಾತೆಯ ಐಬಿಎಎನ್, ಅಂದರೆ ಅಂತರರಾಷ್ಟ್ರೀಯ ಖಾತೆ ನಂಬರ್, ಎಸ್‌ಇ ಅಂತ ಶುರುವಾಗುತ್ತದೆ. ಎಲ್‌ಟಿ ಅಂದರೆ ಲಿಥುವೇನಿಯಾ. ಅಲ್ಲೇ ಕೂತು ಅವನಿಗೆ ಮೆಸೇಜ್ ಮಾಡಿದೆ. "ಅದು ನನ್ನ ಸಂಬಳದ ಖಾತೆ, ಯುರೋಪಿನಲ್ಲಿ ಎಲ್ಲಾ ಒಂದೇ" ಅಂದ. ಅದನ್ನೇ ನಾನು ಮೇಡಂಗೆ ಹೇಳಿದೆ, ಎಲ್ಲಾ ಗೊತ್ತಿರುವವನ ಹಾಗೆ. ತಡೆಯಲು ಬಂದವರಿಗೇ ನಾನು ಸಮಾಧಾನ ಹೇಳಿ ಕಳಿಸಿದೆ. ಇದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಆರ್ಲಾಂಡಾ ವಿಮಾನ ನಿಲ್ದಾಣದಿಂದ ಉಪ್ಸಾಲಾಗೆ ರೈಲಿನಲ್ಲಿ ಇಪ್ಪತ್ತೇ ನಿಮಿಷ. ಆ ಬಾಗಿಲ ಮುಂದೆ ನಿಂತಾಗ ಸಂಜೆ ನಾಲ್ಕೂವರೆ, ಕಗ್ಗತ್ತಲು. ಮೈನಸ್ ಹನ್ನೊಂದು. ಎರಡು ಸೂಟ್‌ಕೇಸ್ ಹಿಮದಲ್ಲಿ ಹೂತಿವೆ. ಬಾಗಿಲಿಗೆ ನಾಲ್ಕು ಅಂಕಿಯ ಕೋಡ್ ಕೊಟ್ಟಿದ್ದ. ಗ್ಲೌಸ್ ತೆಗೆದು ಒತ್ತಿದೆ. ಕೆಂಪು ದೀಪ. ಮತ್ತೆ ಒತ್ತಿದೆ. ಕೆಂಪು. ಬೆರಳು ಮರಗಟ್ಟಿ ಯಾವ ಅಂಕಿ ಒತ್ತುತ್ತಿದ್ದೇನೆ ಅಂತಲೂ ತಿಳಿಯಲಿಲ್ಲ. ಆಗ ನಾಯಿ ಕರೆದುಕೊಂಡು ಒಬ್ಬ ಹೆಂಗಸು ಹೊರಗೆ ಬಂದರು. ಕರಾರು ತೋರಿಸಿದೆ. ಓದಿದರು, ನನ್ನ ಮುಖ ನೋಡಿದರು, ಮೆಲ್ಲಗೆ ಕೇಳಿದರು: "ನಾಲ್ಕನೇ ಮಹಡಿ ಅಂತ ಇದೆಯಲ್ಲ?"

ತಲೆ ಎತ್ತಿ ಕಿಟಕಿಗಳ ಸಾಲು ಎಣಿಸಿದೆ. ಒಂದು, ಎರಡು, ಮೂರು. ಅದರ ಮೇಲೆ ಛಾವಣಿ.

ಅವರು ನನ್ನನ್ನು ಒಳಗೆ ಕರೆದರು. ಮೆಟ್ಟಿಲ ಹತ್ತಿರ ಎಲ್ಲಾ ಮನೆಗಳವರ ಹೆಸರು ಬರೆದ ಬೋರ್ಡ್ ಇತ್ತು. ಅವನ ಹೆಸರು ಇಲ್ಲ. ಅಡುಗೆಮನೆ ಫೋಟೊ ತೋರಿಸಿದೆ. "ಇದು ಸ್ವೀಡನ್ನೇ ಅಲ್ಲ, ಪ್ಲಗ್ ನೋಡು" ಅಂದರು. ಇಂಗ್ಲೆಂಡಿನ ಮೂರು ತೂತಿನ ಪ್ಲಗ್, ಪಕ್ಕದಲ್ಲಿ ಸ್ವಿಚ್. ಸ್ವೀಡನ್‌ನಲ್ಲಿ ದುಂಡಗಿನ ತಗ್ಗಿನೊಳಗೆ ಎರಡೇ ತೂತು. ನಮ್ಮ ಮನೆಗಳಲ್ಲಿ ಪ್ಲಗ್ ಪಕ್ಕ ಸ್ವಿಚ್ ಇದ್ದೇ ಇರುತ್ತದೆ, ಹಾಗಾಗಿ ನನಗೆ ಏನೂ ಅನ್ನಿಸಿರಲೇ ಇಲ್ಲ.

ಅಲ್ಲೇ ನಿಂತು ಅವನಿಗೆ ಮೆಸೇಜ್ ಮಾಡಿದೆ. ತಕ್ಷಣ ಉತ್ತರ. "ಕೋಡ್ ಇವತ್ತು ಬೆಳಗ್ಗೆ ಬದಲಾಗಿದೆ. ಬೀಗದ ಇನ್ಶೂರೆನ್ಸ್ 3,000 ಕ್ರೋನಾ ಕಟ್ಟು, ಹೊಸದು ಕಳಿಸುತ್ತೇನೆ." ನಾನು ಚಳಿಯಲ್ಲಿ ನಿಂತಿದ್ದೇನೆ ಅಂತ ಗೊತ್ತಿದ್ದೂ ಇನ್ನೂ 3,000 ಕೇಳಿದ! ಮೂರೇ ಮಹಡಿ ಇದೆಯಲ್ಲ ಅಂದೆ. "ನಮ್ಮಲ್ಲಿ ಮಹಡಿ ಎಣಿಸುವ ಕ್ರಮ ಬೇರೆ, ನಿನಗೆ ತಿಳಿಯುವುದಿಲ್ಲ." ದುಡ್ಡು ವಾಪಸ್ ಕೊಡಿ, ಅಪ್ಪ ಸಾಲ ಮಾಡಿದ್ದಾರೆ ಅಂತ ಬೇಡಿಕೊಂಡೆ. ಹೌದು, ಬೇಡಿಕೊಂಡೆ. "ನಂಬಿಕೆ ಇಲ್ಲದವರ ಜೊತೆ ನಾನು ವ್ಯವಹಾರ ಮಾಡುವುದಿಲ್ಲ. ನನಗೆ ತುಂಬಾ ಬೇಸರವಾಗಿದೆ." ಅವನಿಗೆ ಬೇಸರವಂತೆ. ಆಮೇಲೆ ಪ್ರೊಫೈಲ್ ಫೋಟೊ ಮಾಯ.

ಮೂರು ರಾತ್ರಿ ಪ್ರವಾಸಿಗರ ಹಾಸ್ಟೆಲ್‌ನಲ್ಲಿ. ಆಮೇಲೆ ಸ್ಟಾಕ್‌ಹೋಮ್‌ನ ಶೀಸ್ತಾದಲ್ಲಿರುವ ಒಂದು ಕನ್ನಡ ಕುಟುಂಬದವರು ಹನ್ನೊಂದು ದಿನ ಹಾಲ್‌ನಲ್ಲಿ ಜಾಗ ಕೊಟ್ಟರು, ಅನ್ನ ಸಾರು ಹಾಕಿದರು. ಅವರ ಋಣ ತೀರಿಸಲಾರೆ. ಸ್ವೀಡನ್ ಪೊಲೀಸರ 114 14ಕ್ಕೆ ಫೋನ್ ಮಾಡಿ ದೂರು ಕೊಟ್ಟೆ, ಊರಲ್ಲಿ ಅಪ್ಪ ನಮ್ಮ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಮಾಡಿದರು. ದೂರಿನ ನಂಬರ್ ಸಿಕ್ಕಿತು, ದುಡ್ಡು ಸಿಗಲಿಲ್ಲ. ಬ್ಯಾಂಕಿನವರು ನೀವೇ ಒಪ್ಪಿ ಕಳಿಸಿದ್ದಲ್ವಾ ಅಂದರು. ನನ್ನ ಪಾಸ್‌ಪೋರ್ಟ್ ಪ್ರತಿ ಇನ್ನೂ ಅವನ ಹತ್ತಿರವೇ ಇದೆ. ಅದನ್ನು ತೋರಿಸಿ ಈಗ ಯಾರನ್ನು ನಂಬಿಸುತ್ತಿದ್ದಾನೋ ಅನ್ನುವ ಭಯ ಬೇರೆ.

ಮನೆಯನ್ನು ಕಣ್ಣಾರೆ ನೋಡದೆ ಒಂದು ಕ್ರೋನಾ ಕೂಡ ಕಳಿಸಬೇಡಿ. ಅಲ್ಲಿ ಇರುವ ಕನ್ನಡದವರನ್ನು ಯಾರನ್ನಾದರೂ ಕೇಳಿ, ಬಾಗಿಲವರೆಗೆ ಹೋಗಿ ನೋಡಿ ಬರುತ್ತಾರೆ. ನಾನು ಕೇಳಲು ಸಂಕೋಚಪಟ್ಟೆ. ಬಾಡಿಗೆಗೆ ಬಿಡಲು ಕಟ್ಟಡದವರ ಒಪ್ಪಿಗೆ ಪತ್ರ ಬೇಕು, ಅದನ್ನು ಕೇಳಿ. ಲಂಡನ್‌ನಲ್ಲಿದ್ದೇನೆ ಅನ್ನುವವನಿಗೆ ಉತ್ತರವನ್ನೇ ಕೊಡಬೇಡಿ.

ಆಗಸ್ಟ್‌ಗೆ ಲುಂಡ್‌ಗೆ ಹೊರಟವರು ಯಾರಾದರೂ ಹಳದಿ ಟೈಲ್ಸ್, ನೀಲಿ ಕೆಟಲ್ ಇರುವ ಅಡುಗೆಮನೆಗೆ ಮಾತಾಡಿದ್ದರೆ ಇವತ್ತೇ ನಿಲ್ಲಿಸಿ. ದುಡ್ಡು ಈಗಾಗಲೇ ಕಳಿಸಿದ್ದರೆ ನಾಳೆವರೆಗೆ ಕಾಯಬೇಡಿ, ಈಗಲೇ ಬ್ಯಾಂಕಿಗೆ ಫೋನ್ ಮಾಡಿ.