ಕಣ್ವತೀರ್ಥ, ಕಾಪ್ಪಿಲ್, ವಲಿಯಪರಂಬ: ಕಾಸರಗೋಡಿನ ಕಡಲತಡಿಯಲ್ಲಿ ಡೇರೆ ಎಲ್ಲಿ ಹೂಡಬೇಕು?

ಕಾಸರಗೋಡು ಜಿಲ್ಲೆಯ ಕರಾವಳಿಯಲ್ಲಿ ಡೇರೆ ಹೂಡಿ ಒಂದೆರಡು ರಾತ್ರಿ ಕಳೆಯಬೇಕೆನ್ನುವವರು ಮೊದಲು ಹೆಸರಿಸುವುದು ಬೇಕಲವನ್ನು. ಕುಂಬಳೆ ಸೀಮೆಯವನಾದ ನಾನು ಉತ್ತರದ ಮಂಜೇಶ್ವರದಲ್ಲಿ, ನಡುವಿನ ಬೇಕಲದ ಆಸುಪಾಸಿನಲ್ಲಿ ಮತ್ತು ದಕ್ಷಿಣದ ತುದಿಯ ವಲಿಯಪರಂಬದಲ್ಲಿ ಮನೆಯವರೊಡನೆ ತಂಗಿ ನೋಡಿದ ಮೇಲೆ ಆ ಆಯ್ಕೆಯನ್ನು ಒಪ್ಪಲಾರೆ. ಬೇಕಲವು ಹಗಲಿಗೆ ಸರಿ. ರಾತ್ರಿಗೆ ವಲಿಯಪರಂಬವೇ ಆಗಬೇಕು. ಮಂಜೇಶ್ವರದ ಕಣ್ವತೀರ್ಥಕ್ಕೆ ಬೇರೆಯದೇ ಆದ ಒಂದು ಹಿರಿಮೆಯಿದೆ, ಅದು ಊಟದ್ದು.

ಕಣ್ವತೀರ್ಥವು ಕರ್ನಾಟಕ-ಕೇರಳದ ತಲಪಾಡಿ ಗಡಿಯಿಂದ ಸ್ವಲ್ಪವೇ ದೂರ. ಮಧ್ವಾಚಾರ್ಯರು ಉಡುಪಿಯ ಅಷ್ಟಮಠಗಳ ಯತಿಗಳನ್ನು ಇಬ್ಬಿಬ್ಬರಾಗಿ ಜೋಡಿಸಿ ದ್ವಂದ್ವಮಠಗಳನ್ನು ಏರ್ಪಡಿಸಿದ್ದು ಇಲ್ಲೇ ಎಂಬುದು ಪರಂಪರೆಯ ನಂಬಿಕೆ. ಇಲ್ಲಿನ ಮರಳದಂಡೆ ಅಗಲ ಕಡಿಮೆ; ಆದುದರಿಂದ ಡೇರೆಯ ಜಾಗವನ್ನು ನೋಡಿ ಆರಿಸಬೇಕಾಗುತ್ತದೆ. ಹಿಂದಿನ ಉಬ್ಬರದ ನೀರು ತಂದು ಬಿಟ್ಟ ಒಣಗಿದ ಕಸಕಡ್ಡಿಯ ಗೆರೆಯೊಂದು ಮರಳಿನ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಡೇರೆ ಅದಕ್ಕಿಂತ ಸಾಕಷ್ಟು ಮೇಲಿರಬೇಕು, ಅಮಾವಾಸ್ಯೆ ಮತ್ತು ಹುಣ್ಣಿಮೆಯ ಹತ್ತಿರದ ದಿನಗಳಲ್ಲಿ ಇನ್ನೂ ಮೇಲೆ, ಏಕೆಂದರೆ ಆಗ ಉಬ್ಬರದ ಎತ್ತರ ಹೆಚ್ಚು. ಅಷ್ಟು ಹಿಂದೆ ಸರಿದರೆ ತೆಂಗಿನ ತೋಟವೇ ಸಿಗುತ್ತದೆ. ಕಾಯಿ ಬಿಟ್ಟ ತೆಂಗಿನಡಿ ಯಾರೂ ಮಲಗಬಾರದು ಎಂದು ಬೇರೆ ಹೇಳಬೇಕಾಗಿಲ್ಲ. ತೋಟದ ಯಜಮಾನರ ಒಪ್ಪಿಗೆ ಪಡೆದು ಅಂಗಳದಂಚಿನ ಬಯಲಿನಲ್ಲಿ ಉಳಿದುಕೊಳ್ಳುವುದೇ ಇಲ್ಲಿ ಯೋಗ್ಯವಾದ ಕ್ರಮ.

ಊಟದ ವಿಷಯಕ್ಕೆ ಬಂದರೆ ಕಣ್ವತೀರ್ಥದ ಕಡೆಯವರನ್ನು ಮೀರಿಸುವವರಿಲ್ಲ. ಕುಚಲಕ್ಕಿಯ ಗಂಜಿ, ಬೂತಾಯಿ ಮೀನಿನ ಹುಳಿಖಾರದ ಪುಳಿಮುಂಚಿ, ನೀರ್‌ದೋಸೆ, ಬೆಳಗ್ಗೆ ಅಕ್ಕಿಯ ಪುಂಡಿ: ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳಂ ಮಾತುಗಳೆಲ್ಲ ಕೇಳಿಬರುವ ಈ ಊರಿನಲ್ಲಿ ಅಡುಗೆಯೂ ಹಾಗೆಯೇ ಬೆರೆತಿದೆ. ಏನು ಬೇಕು, ಖಾರ ಎಷ್ಟಿರಲಿ ಎಂದು ನಮ್ಮ ಮಾತಿನಲ್ಲಿಯೇ ಹೇಳಿ ಉಣ್ಣುವ ನೆಮ್ಮದಿ ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ನಡಿಗೆಗೆ ಕಡಲತಡಿಗಿಂತ ಊರೊಳಗಿನ ದಾರಿಯೇ ಮೇಲು. ರಾಷ್ಟ್ರಕವಿ ಗೋವಿಂದ ಪೈಗಳು ಬಾಳಿದ ಮನೆಯೂ ಮಂಜೇಶ್ವರದಲ್ಲಿದೆ, ಕನ್ನಡ ಓದುಗರು ಅದನ್ನು ನೋಡದೆ ಬರಬಾರದು.

ಬೇಕಲದ ಕೋಟೆಯ ಪಕ್ಕದ ತೀರದಲ್ಲಿ ಜನಸಂದಣಿ ಮತ್ತು ದೀಪಗಳು ಹೆಚ್ಚಾದ್ದರಿಂದ ಡೇರೆಯ ಮಾತೇ ಬೇಡ. ಕೆಲವು ಕಿಲೋಮೀಟರು ಉತ್ತರದ ಕಾಪ್ಪಿಲ್ ತೀರ ಅದಕ್ಕಿಂತ ಶಾಂತ, ಹತ್ತಿರದ ಕೋಡಿ ದಿಬ್ಬದ ಮೇಲಿಂದ ಸಮುದ್ರ ಚೆನ್ನಾಗಿ ಕಾಣುತ್ತದೆ. ಆದರೆ ತೆರೆದ ತೀರವಾದ್ದರಿಂದ ಗಾಳಿಗೆ ತಡೆಯಿಲ್ಲ. ಡೇರೆಯೊಂದಿಗೆ ಕೊಡುವ ತೆಳ್ಳಗಿನ ಗೂಟಗಳು ಒಣ ಮರಳಿನಲ್ಲಿ ನಿಲ್ಲುವುದಿಲ್ಲ. ಅಕ್ಕಿಯ ಖಾಲಿ ಚೀಲಗಳಿಗೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕೈಯಷ್ಟು ಆಳದಲ್ಲಿ ಹೂತರೆ ಮಾತ್ರ ಡೇರೆ ಬಿಗಿಯಾಗಿ ನಿಲ್ಲುತ್ತದೆ. ಊಟಕ್ಕೆ ಇಲ್ಲಿ ಪ್ರವಾಸಿಗರಿಗೆಂದೇ ಮಾಡಿದ ಅಡುಗೆ ಹೆಚ್ಚು, ನೆನಪಿನಲ್ಲಿ ಉಳಿಯುವಂಥದ್ದು ಸಿಗಲಿಲ್ಲ.

ಕೋಟೆಯ ನಡಿಗೆ ಮಾತ್ರ ಮೂರೂ ಕಡೆಗಳ ಪೈಕಿ ಮೇಲ್ಮಟ್ಟದ್ದು. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನು ಕಟ್ಟಿಸಿದ ಈ ಕೋಟೆ ಸುಮಾರು 40 ಎಕರೆಯಷ್ಟು ವಿಸ್ತಾರವಾಗಿದ್ದು, ಕೇರಳದಲ್ಲಿಯೇ ಅತಿ ದೊಡ್ಡದು. ಒಳಗೆ ಅರಮನೆಯ ಕುರುಹಿಲ್ಲ; ಕಾವಲಿಗಾಗಿಯೇ ಕಟ್ಟಿದ ಕೋಟೆ ಎಂಬುದು ಗೋಡೆಗಳನ್ನು ನೋಡಿದರೆ ತಿಳಿಯುತ್ತದೆ. ಕಡಲ ಕಡೆಯ ಮುರಕಲ್ಲಿನ ಗೋಡೆಯಲ್ಲಿ ಬೇರೆ ಬೇರೆ ಎತ್ತರಕ್ಕೆ ಕಿಂಡಿಗಳಿವೆ: ಮೇಲಿನವು ದೂರದ ಹಡಗಿಗೆ, ನಡುವಿನವು ಹತ್ತಿರ ಬಂದವರಿಗೆ, ಕೆಳಗಿನವು ಗೋಡೆಯ ಬುಡಕ್ಕೇ ಬಂದವರಿಗೆ ಗುರಿಯಿಡಲು. ಒಂದೊಂದಕ್ಕೂ ಕಣ್ಣಿಟ್ಟು ನೋಡಿದರೆ ನೀರಿನ ಬೇರೆ ಬೇರೆ ಪಟ್ಟಿಗಳೇ ಕಾಣಿಸುತ್ತವೆ. ಸಂಜೆ ಬೇಗನೆ ಬಾಗಿಲು ಮುಚ್ಚುವುದರಿಂದ ಮಧ್ಯಾಹ್ನವೇ ಒಳಹೋಗಬೇಕು.

ವಲಿಯಪರಂಬವು ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಕವ್ವಾಯಿ ಹಿನ್ನೀರು ಇರುವ ಉದ್ದನೆಯ ಕಿರಿದಾದ ಭೂಮಿ. ಬೆಳಗ್ಗೆ ಹಿನ್ನೀರಿನಾಚೆ ಏಳುವ ಸೂರ್ಯನನ್ನು ಕಂಡು, ಸಂಜೆ ಅದೇ ಡೇರೆಯಿಂದ ಸ್ವಲ್ಪ ದೂರ ನಡೆದು ಕಡಲಿಗೆ ಇಳಿಯುವುದನ್ನೂ ಕಾಣಬಹುದು. ಗಾಳಿಮರದ ತೋಪಿನ ಮರೆಯಲ್ಲಿ ಡೇರೆಗೆ ಗಾಳಿಯ ಹೊಡೆತ ತಪ್ಪುತ್ತದೆ. ಬೆಳಗಿನ ಜಾವದ ಉಪ್ಪು ತೇವಕ್ಕೆ ಮಾತ್ರ ಮೂರೂ ಕಡೆ ಒಂದೇ ಉಪಾಯ: ಡೇರೆಯ ಎರಡೂ ಬದಿಯ ಕಿಟಕಿಗಳನ್ನು ತೆರೆದಿಡಬೇಕು. ಕಾಸರಗೋಡಿನ ತೀರಗಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುವುದರಿಂದ ನೀರಿನ ಕಡೆಗೆ ಪ್ರಖರ ದೀಪ ಹಾಕುವುದನ್ನೂ ಬೆಂಕಿ ಹಾಕುವುದನ್ನೂ ದಯವಿಟ್ಟು ಬಿಡಬೇಕು.

ಇಲ್ಲಿನ ರುಚಿ ಕಲ್ಲುಮ್ಮಕ್ಕಾಯಿಯದು, ಎಂದರೆ ಬಂಡೆಗೆ ಅಂಟಿಕೊಂಡು ಬೆಳೆಯುವ ಒಂದು ಬಗೆಯ ಕಡಲ ಚಿಪ್ಪಿನದು. ಪಡನ್ನದ ಸುತ್ತಲಿನ ಹಿನ್ನೀರಿನಲ್ಲಿ ಇದನ್ನು ಬೆಳೆಯುತ್ತಾರೆ. ಕಡಲ ಬಂಡೆಗಳಿಂದ ತಂದ ಮರಿಗಳನ್ನು ಹಗ್ಗದ ಸುತ್ತ ಇಟ್ಟು ತೆಳು ಹತ್ತಿಬಟ್ಟೆಯಿಂದ ಹೊಲಿದು, ಬಿದಿರಿನ ಚಪ್ಪರದಿಂದ ನೀರಿಗೆ ಇಳಿಬಿಡುತ್ತಾರೆ. ಬಟ್ಟೆ ಕೊಳೆತು ಕರಗುವಷ್ಟರಲ್ಲಿ ಮರಿಗಳು ತಮ್ಮ ನಾರಿನಿಂದಲೇ ಹಗ್ಗವನ್ನು ಹಿಡಿದಿರುತ್ತವೆ. ಮಳೆ ಬಂದರೆ ನೀರಿನ ಉಪ್ಪು ತಗ್ಗುವುದರಿಂದ ಅದಕ್ಕೆ ಮೊದಲೇ ಕೊಯ್ಲು. ಅಕ್ಕಿ, ತೆಂಗಿನಕಾಯಿ, ಚಿಕ್ಕ ಈರುಳ್ಳಿ, ಬಡೇಸೋಪು ಸೇರಿಸಿ ಗಟ್ಟಿಯಾಗಿ ರುಬ್ಬಿದ ಹಿಟ್ಟನ್ನು ಬಾಯಿ ಬಿಡಿಸಿದ ಚಿಪ್ಪಿನೊಳಗೆ ತುಂಬಿ, ಹಬೆಯಲ್ಲಿ ಬೇಯಿಸಿ, ಚಿಪ್ಪು ಕಳಚಿ, ಮೆಣಸಿನ ಮಸಾಲೆ ಹಚ್ಚಿ ಕಾಯಿಸುವ ಅರಿಕ್ಕಡುಕ್ಕ ಹೊರಗೆ ಗರಿಗರಿ, ಒಳಗೆ ಮೆತ್ತಗೆ, ನಡುವೆ ಕಡಲಿನ ಉಪ್ಪು. ಇದೊಂದು ತಿನಿಸಿಗಾಗಿಯೇ ಮಾರ್ಚ್ ತಿಂಗಳ ಸೆಕೆಯನ್ನು ಸಹಿಸಿಕೊಳ್ಳಬಹುದು. ಮಲಯಾಳಂ ಬಾರದವರಿಗೆ ಸ್ವಲ್ಪ ತೊಡಕಾಗುತ್ತದೆ. ಅಂಗಡಿಗಳೂ ವಿರಳ, ಕುಡಿಯುವ ನೀರನ್ನು ಮೊದಲೇ ಕೊಂಡಿರಬೇಕು.

ಮಂಗಳೂರಿನ ಕಡೆಯಿಂದ ಎರಡು ದಿನಕ್ಕೆಂದು ಹೊರಡುವವರು ಬೆಳಗಿನ ಊಟವನ್ನು ಮಂಜೇಶ್ವರದಲ್ಲಿ ಮುಗಿಸಿ, ಬೇಕಲದ ಕೋಟೆಯನ್ನು ನಿಧಾನವಾಗಿ ನಡೆದು ನೋಡಿ, ಕತ್ತಲಾಗುವ ಮುನ್ನ ತೃಕ್ಕರಿಪುರದ ಮೂಲಕ ವಲಿಯಪರಂಬ ಸೇರಬಹುದು. ತಂಗುವ ಜಾಗದ ಮನೆಯವರಿಗೆ ಹಿಂದಿನ ದಿನವೇ ತಿಳಿಸಿದರೆ ಕಲ್ಲುಮ್ಮಕ್ಕಾಯಿಯನ್ನು ತರಿಸಿಡುತ್ತಾರೆ.