ಶಿರಸಿಯ ಒಂದು ಸಾಫ್ಟ್‌ವೇರ್ ಕಂಪನಿ: ಕೋಡ್ ಗಟ್ಟಿ, ಕರಾರು ಸಡಿಲ

ಅಡಿಕೆ ವಖಾರಿಗಳಿಗೆ, ಸಹಕಾರಿ ಸಂಘಗಳಿಗೆ ಬಿಲ್ಲಿಂಗ್ ಮತ್ತು ದಾಸ್ತಾನಿನ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ ಇದು. ಹೆಸರು ಬೇಡ. ಪರದೆಯ ಅಂದಚಂದ ಸಾಧಾರಣ, ಒಳಗಿನ ಕೆಲಸ ಮಾತ್ರ ಅಚ್ಚುಕಟ್ಟು.

ಹಣವನ್ನು ಪೈಸೆಯಲ್ಲಿ, ತೂಕವನ್ನು ಗ್ರಾಮಿನಲ್ಲಿ, ಎರಡನ್ನೂ ಪೂರ್ಣಾಂಕವಾಗಿಯೇ ಇಡುತ್ತಾರೆ. ಫ್ಲೋಟ್, ಅಂದರೆ ಕಂಪ್ಯೂಟರ್ ದಶಮಾಂಶವನ್ನು ಅಂದಾಜಾಗಿ ಇಡುವ ಬಗೆ, ಬಳಸಿದರೆ 0.1ಕ್ಕೆ 0.2 ಕೂಡಿದಾಗ 0.30000000000000004 ಬರುತ್ತದೆ. ಇಂಥ ಚೂರುಗಳು ಸೇರಿ ಸೇರಿ ಖಾತೆ ತಾಳೆಯಾಗದೆ ಕೂರುತ್ತದೆ. ಕ್ವಿಂಟಾಲಿಗೆ 47,899 ರೂಪಾಯಿ ದರದಲ್ಲಿ 37.650 ಕಿಲೋ ರಾಶಿ ಅಡಿಕೆ ತೂಗಿದರೆ ಮೊತ್ತ 18,033.9735. ಪೈಸೆಯಾಚೆಗಿನ ಈ ಬಾಲವನ್ನು ಪ್ರತಿ ಸಾಲಿನಲ್ಲೇ ಕತ್ತರಿಸಬೇಕೋ, ಬಿಲ್ಲಿನ ಕೊನೆಗೋ? ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಂದು ಬೇರೆ ಬೇರೆ ಬಗೆಯ ಅಡಿಕೆಯ ಒಬ್ಬರದ್ದೇ ನಾಲ್ಕು ಸಾಲಿದ್ದರೆ ಪೈಸೆಯ ಫರಕು ಬಂದೇ ಬರುತ್ತದೆ. ಇವರು ಅದನ್ನು ಮೊದಲೇ ಕೇಳಿ ಬರೆದುಕೊಳ್ಳುತ್ತಾರೆ, ಲೆಕ್ಕ ಹಾಗೇ ಬರುತ್ತದೆಯೇ ಎಂದು ತಾನೇ ಪರೀಕ್ಷಿಸುವ ಟೆಸ್ಟ್ ಕೋಡನ್ನೂ ಬರೆಯುತ್ತಾರೆ.

ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟೂ ಫೈಬರೂ ಒಟ್ಟಿಗೇ ಹೋಗುವ ಸೀಮೆ ನಮ್ಮದು. ಹಾಗಾಗಿ ತೂಕದ ಕೌಂಟರಿನ ಕಂಪ್ಯೂಟರಿನಲ್ಲೇ ಬಿಲ್ ಉಳಿದು, ಲೈನ್ ಬಂದ ಮೇಲೆ ಸರ್ವರಿಗೆ ಹೋಗುತ್ತದೆ. ತೊಡಕಿರುವುದು ಬಿಲ್ ನಂಬರಿನಲ್ಲಿ: ಎರಡು ಕೌಂಟರುಗಳಲ್ಲಿ ಒಂದೇ ನಂಬರ್ ಬಿದ್ದರೆ ಜಿಎಸ್‌ಟಿಯಲ್ಲಿ ತಕರಾರು. ನಿಯಮದ ಪ್ರಕಾರ ನಂಬರು 16 ಅಕ್ಷರ ಮೀರಬಾರದು, ಸರಣಿ ಮಾತ್ರ ಒಂದಕ್ಕಿಂತ ಹೆಚ್ಚಿರಬಹುದು. ಇವರು ಪ್ರತಿ ಕೌಂಟರಿಗೂ ಬೇರೆ ಸರಣಿ ಕೊಟ್ಟಿದ್ದಾರೆ.

‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿರುವ ಕಡತಗಳನ್ನು ಯುನಿಕೋಡಿಗೆ (ಎಲ್ಲ ಕಂಪ್ಯೂಟರುಗಳೂ ಓದುವ ಅಕ್ಷರ ಸಂಕೇತಕ್ಕೆ) ತರುವಾಗ ಹೆಚ್ಚಿನವರು ಎಡವುವುದು ಅರ್ಕಾವತ್ತಿನಲ್ಲಿ. ಹಳೆಯ ಫಾಂಟಿನಲ್ಲಿ ಅದರ ಚಿಹ್ನೆ ಅಕ್ಷರದ ನಂತರ ಕೂತಿರುತ್ತದೆ, ಯುನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಇಲ್ಲಿ ‘ಕರ್ಕಿ’ ಕರ್ಕಿಯಾಗಿಯೇ ಉಳಿದಿದೆ. ಆದರೆ ಸದಸ್ಯರ ಹುಡುಕಾಟ ಹೆಸರಿನ ಮೇಲೆ ಮಾತ್ರ ನಡೆಯುತ್ತದೆ. ಗಣಪತಿ ಹೆಗಡೆ ಎಂದು ಒತ್ತಿದರೆ ಪರದೆ ತುಂಬುವ ತಾಲೂಕಿನಲ್ಲಿ ಊರು ಮತ್ತು ಸದಸ್ಯತ್ವ ಸಂಖ್ಯೆ ಇಲ್ಲದ ಹುಡುಕಾಟ ಯಾರಿಗೆ ಬೇಕು?

ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ನೋಡದೆ ಕೋಡಿನ ಮುಖ್ಯ ಪ್ರತಿಗೆ ಸೇರಿಸುವುದಿಲ್ಲ. ಡೇಟಾಬೇಸ್ ಬದಲಾವಣೆ ಕೆಟ್ಟರೆ ಮೊದಲಿನ ಸ್ಥಿತಿಗೆ ತರುವ ಸ್ಕ್ರಿಪ್ಟೂ ಇರುತ್ತದೆ. ಅಡಿಕೆ ಟೆಂಡರ್ ನಡೆಯುವ ಹೊತ್ತಿನಲ್ಲಿ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕುವುದಿಲ್ಲ.

ಬ್ಯಾಕಪ್ ವಿಷಯದಲ್ಲಿ ಮಾತ್ರ ಸೋತಿದ್ದಾರೆ. ದಿನಾ ರಾತ್ರಿ ಪ್ರತಿ ತೆಗೆಯುತ್ತಾರೆ ನಿಜ, ಆದರೆ ಅದು ಅದೇ ಕಟ್ಟಡದ ಇನ್ನೊಂದು ಡಿಸ್ಕಿನಲ್ಲಿದೆ. ಸಿಡಿಲು ಬಡಿದರೆ ಎರಡೂ ಒಟ್ಟಿಗೆ ಸುಡುತ್ತವೆ. ಒಂದು ಪ್ರತಿ ಬೇರೆ ಊರಿನಲ್ಲಿರಬೇಕು. ಮೂರು ತಿಂಗಳಿಗೊಮ್ಮೆ ಖಾಲಿ ಯಂತ್ರದ ಮೇಲೆ ಪೂರ್ತಿ ಮರಳಿಸಿ, ಬಿಲ್ಲುಗಳ ಮೊತ್ತ ತಾಳೆ ನೋಡಬೇಕು. ಫೈಲ್ ಇದೆ ಎಂದ ಮಾತ್ರಕ್ಕೆ ಅದು ತೆರೆಯುತ್ತದೆ ಎಂದೇನಿಲ್ಲ.

ಕರಾರು ಇನ್ನೂ ತೆಳು. ದುಡ್ಡು ಕೊಟ್ಟ ಮಾತ್ರಕ್ಕೆ ಕೋಡ್ ಗಿರಾಕಿಯದ್ದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಹಕ್ಕನ್ನು ಬರಹದಲ್ಲೇ ವರ್ಗಾಯಿಸಬೇಕು. ಅವಧಿ ನಮೂದಿಸದಿದ್ದರೆ 19(5)ನೇ ಕಲಮಿನ ಪ್ರಕಾರ ಅದು ಐದೇ ವರ್ಷಕ್ಕೆ. ಇವರ ನಮೂನೆ ಕರಾರಿನಲ್ಲಿ ಅವಧಿಯ ಮಾತೇ ಇಲ್ಲ, ಸರ್ವರ್ ಮತ್ತು ಡೊಮೇನ್ ಖಾತೆಗಳೂ ಕಂಪನಿಯ ಹೆಸರಿನಲ್ಲಿವೆ. ಮುಂಗಡ ಕೊಡುವ ಮೊದಲು ಕೇಳಿದರೆ ಎಲ್ಲವನ್ನೂ ಬದಲಿಸಿ ಕೊಡುತ್ತಾರೆ. ಕೇಳದಿದ್ದರೆ ತಾವಾಗಿ ಹೇಳುವುದಿಲ್ಲ.