ಕೋಬೋ ಕ್ಲಾರಾ ಎಚ್‌ಡಿ: ಓದೋದಕ್ಕೂ ಸರಿ, ಸ್ವಂತ ಆ್ಯಪ್ ಬರೆಯೋದಕ್ಕೂ ಸರಿ

ಇ-ರೀಡರ್‌ಗೆ, ಅಂದರೆ ಇ-ಪುಸ್ತಕ ಓದುವ ಸಾಧನಕ್ಕೆ, ಸ್ವಂತ ಆ್ಯಪ್ ಬರೆಯಬೇಕು ಅನ್ನೋ ಆಸೆ ಇದ್ದವರಿಗೆ ನಾನು ಹೇಳುವುದು ಕೋಬೋ ಕಂಪನಿಯ ಹೆಸರನ್ನೇ. ನನ್ನ ಹತ್ತಿರ ಇರುವುದು 2018ರ ಕ್ಲಾರಾ ಎಚ್‌ಡಿ. 6 ಇಂಚಿನ ಪರದೆ, 512 ಎಂಬಿ ರ್‍ಯಾಮ್. ಕೆಲವು ವರ್ಷಗಳಿಂದ ಓದುವುದಕ್ಕೂ ಪ್ರೋಗ್ರಾಂ ಬರೆಯುವುದಕ್ಕೂ ಇದೇ ಸಾಕಾಗಿದೆ.

ದೊಡ್ಡ ಅನುಕೂಲ ಅಂದರೆ ಜೈಲ್‌ಬ್ರೇಕ್ ಮಾಡುವ, ಅಂದರೆ ಕಂಪನಿ ಹಾಕಿದ ಬೀಗ ಮುರಿಯುವ ತಲೆನೋವೇ ಇಲ್ಲ. ಒಳಗಿರುವುದು ಲಿನಕ್ಸ್ ಆಪರೇಟಿಂಗ್ ಸಿಸ್ಟಂ. ಯುಎಸ್‌ಬಿಯಲ್ಲಿ ಜೋಡಿಸಿ, ‘.ಕೋಬೋ’ ಅನ್ನೋ ಫೋಲ್ಡರ್‌ನಲ್ಲಿ ‘ಕೋಬೋರೂಟ್.ಟಿಜಿಝಡ್’ ಫೈಲ್ ಇಟ್ಟು ಇಜೆಕ್ಟ್ ಮಾಡಿದರೆ ಸಾಕು, ರೀಡರ್ ತಾನೇ ಅದನ್ನು ಬಿಚ್ಚಿಕೊಂಡು ರೀಸ್ಟಾರ್ಟ್ ಆಗುತ್ತದೆ. ನಿಕಲ್‌ಮೆನು ಅನ್ನೋ ಸಣ್ಣ ಸಾಫ್ಟ್‌ವೇರ್ ಹಾಕಿಕೊಳ್ಳುವುದು ಹೀಗೆಯೇ. ಆಮೇಲೆ ಕೋಬೋದ ಮೆನುವಿನಲ್ಲೇ ನಮಗೆ ಬೇಕಾದ್ದನ್ನು ಸೇರಿಸಬಹುದು. ಇನ್ನೊಂದು ನೆಮ್ಮದಿ ಇದೆ. ಈ ಮಾಡೆಲ್‌ನ ಸ್ಟೋರೇಜ್ ಅಂದರೆ ಒಳಗೆ ಕೂತಿರುವ ಒಂದು ಮೈಕ್ರೋ ಎಸ್‌ಡಿ ಕಾರ್ಡ್. ಅದರ ಪೂರ್ತಿ ಇಮೇಜ್ (ಇದ್ದದ್ದು ಇದ್ದಹಾಗೆ ನಕಲು) ತೆಗೆದಿಟ್ಟುಕೊಂಡರೆ ಸಾಫ್ಟ್‌ವೇರ್ ಏನು ಕೆಟ್ಟರೂ ಮತ್ತೆ ಬರೆದುಕೊಳ್ಳಬಹುದು. ಎಲ್ಲ ಮಾಡೆಲ್‌ಗಳಲ್ಲೂ ಹೀಗಿಲ್ಲ, ಕೊಳ್ಳುವ ಮುಂಚೆ ನೋಡಿಕೊಳ್ಳಿ.

ಸಿ ಭಾಷೆಯಲ್ಲಿ ನೇರವಾಗಿ ಪರದೆಗೆ ಬರೆಯೋದಕ್ಕೆ ಎಫ್‌ಬಿಇಂಕ್ ಅನ್ನೋ ಒಳ್ಳೆಯ ಲೈಬ್ರರಿ (ಸಿದ್ಧ ಕೋಡ್‌ನ ಕಂತೆ) ಇದೆ. ಆದರೆ ಹೊಸಬರಿಗೆ ಅದು ಬೇಡ. ರೀಡರ್‌ನ ಎಆರ್‌ಎಂ ಪ್ರೊಸೆಸರ್‌ಗೆ ಕಂಪೈಲ್ ಮಾಡುವ ಸಿದ್ಧತೆಯಲ್ಲೇ ಉತ್ಸಾಹ ಇಳಿದುಹೋಗುತ್ತದೆ. ಕೆಒರೀಡರ್ ಅನ್ನೋ ಮುಕ್ತ ಓದುವ ಆ್ಯಪ್ ಹಾಕಿಕೊಂಡು ಅದಕ್ಕೆ ಲುವಾ ಅನ್ನೋ ಸರಳ ಭಾಷೆಯಲ್ಲಿ ಪ್ಲಗಿನ್, ಅಂದರೆ ಸೇರ್ಪಡೆ ಪ್ರೋಗ್ರಾಂ, ಬರೆಯಿರಿ. ಹೆಸರಿನ ಕೊನೆಗೆ ‘.ಕೋಪ್ಲಗಿನ್’ ಅಂತಿರುವ ಒಂದು ಫೋಲ್ಡರ್, ಅದರೊಳಗೆ ಮೇನ್ ಮತ್ತು ಮೆಟಾ ಅನ್ನೋ ಎರಡು ಫೈಲ್, ಅಷ್ಟೇ. ಕೆಒರೀಡರ್ ಸೋರ್ಸ್‌ನಲ್ಲಿ ‘ಹಲೋ’ ಅಂತ ಒಂದು ಮಾದರಿ ಪ್ಲಗಿನ್ ಇದೆ. ಅದನ್ನು ಬೇಕಂತಲೇ ಆಫ್ ಮಾಡಿಟ್ಟಿದ್ದಾರೆ. ಮೇಲಿನ ‘ಇಫ್’ ತುಂಡನ್ನು ತೆಗೆಯಿರಿ, ಮೆನುವಿನಲ್ಲಿ ಬರುತ್ತದೆ. ಲಿನಕ್ಸ್ ಕಂಪ್ಯೂಟರಿನಲ್ಲಿ ಎಮ್ಯುಲೇಟರ್ (ರೀಡರ್ ಇಲ್ಲದೆಯೇ ಕೆಒರೀಡರ್ ಪರೀಕ್ಷಿಸುವ ಪ್ರೋಗ್ರಾಂ) ಓಡಿಸಬಹುದಾದ್ದರಿಂದ ಪ್ರತಿ ಸಾಲಿಗೂ ಕೇಬಲ್ ಹಾಕಿ ತೆಗೆಯುವ ಕಾಟವಿಲ್ಲ.

ಆದರೆ ಎಮ್ಯುಲೇಟರ್ ನಂಬಿ ಕೂರಬೇಡಿ. ಇ-ರೀಡರ್‌ನ ಇ-ಇಂಕ್ ಪರದೆಯ ಸ್ವಭಾವ ಅಲ್ಲಿ ಗೊತ್ತಾಗುವುದಿಲ್ಲ. ಪೂರ್ತಿ ರಿಫ್ರೆಶ್ ಮಾಡಿದರೆ ಪರದೆ ಕಪ್ಪಾಗಿ ಮಿನುಗುತ್ತದೆ. ಮಾಡದಿದ್ದರೆ ಹಿಂದಿನ ಅಕ್ಷರಗಳ ನೆರಳು ಉಳಿಯುತ್ತದೆ. ವೇಗದ ಮೋಡ್‌ನಲ್ಲಿ ಬರೀ ಕಪ್ಪು-ಬಿಳುಪು, ಬೂದು ಛಾಯೆ ಇಲ್ಲ. ಯಾವ ಜಾಗಕ್ಕೆ, ಯಾವ ಹೊತ್ತಿಗೆ, ಯಾವ ರಿಫ್ರೆಶ್ ಅನ್ನೋದನ್ನು ಪರದೆ ಬದಲಿಸಲು ಹೇಳುವ ಕೆಒರೀಡರ್‌ನ ‘ಸೆಟ್‌ಡರ್ಟಿ’ ಫಂಕ್ಷನ್ ಕರೆಯುವಾಗ ನೀವೇ ಹೇಳಬೇಕು. ಆ್ಯಪ್ ಚೆನ್ನಾಗಿದೆಯೋ ಇಲ್ಲವೋ ನಿಂತಿರುವುದು ಇದರ ಮೇಲೆ. ಅನಿಮೇಷನ್ ಆಸೆ ಬಿಟ್ಟುಬಿಡಿ. ನಿಂತ ಪುಟವನ್ನು ಚಂದ ಮಾಡಿ.

ನಾನು ಬರೆದದ್ದು ದಿನಕ್ಕೊಂದು ವಚನ ತೋರಿಸುವ ಪ್ಲಗಿನ್. ಕೆಒರೀಡರ್ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಸಾಫ್ಟ್‌ವೇರ್ ಬಳಸುವುದರಿಂದ ಒತ್ತಕ್ಷರಗಳು ಸರಿಯಾದ ಜಾಗದಲ್ಲೇ ಕೂರುತ್ತವೆ. ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿ, ಸೆಟ್ಟಿಂಗ್‌ನಲ್ಲಿ ಅದನ್ನು ಫಾಲ್‌ಬ್ಯಾಕ್ ಫಾಂಟ್ (ಮೊದಲ ಫಾಂಟ್‌ನಲ್ಲಿ ಇಲ್ಲದ ಅಕ್ಷರಗಳಿಗೆ ಬಳಸುವ ಫಾಂಟ್) ಅಂತ ಆರಿಸಿಕೊಂಡರೆ ಮೆನುವಿನಲ್ಲೂ ಕನ್ನಡ ಬರುತ್ತದೆ. 300 ಪಿಪಿಐ (ಇಂಚಿಗೆ 300 ಚುಕ್ಕೆ) ಪರದೆಯಲ್ಲಿ ‘ಕ್ಷ್ಮ’ದಂಥ ಅಕ್ಷರವನ್ನು ಎಷ್ಟು ಸ್ಪಷ್ಟವಾಗಿ ನೋಡಬಹುದು ಗೊತ್ತಾ? ಎಷ್ಟು ನೋಡಿದರೂ ಸಾಲದು.

ಒಂದು ಎಚ್ಚರ: ಸಾಧನ ನಿದ್ದೆಗೆ ಹೋದರೆ ನಿಮ್ಮ ಟೈಮರ್‌ಗಳೂ ನಿಲ್ಲುತ್ತವೆ. ಅದಕ್ಕೇ ನನ್ನ ಪ್ಲಗಿನ್ ಟೈಮರ್ ನಂಬುವುದಿಲ್ಲ, ಎದ್ದಾಗ ತಾರೀಖು ನೋಡಿ ವಚನ ಬದಲಿಸುತ್ತದೆ. ದೋಷ ಹುಡುಕುವುದಕ್ಕೆ ‘ಕ್ರ್ಯಾಶ್.ಲಾಗ್’ ಫೈಲ್ ಇದೆ. ವೈಫೈ ಇದ್ದರೆ ಎಸ್‌ಎಸ್‌ಎಚ್ (ದೂರದಿಂದ ಆದೇಶ ಕೊಡುವ ಸಂಪರ್ಕ) ಮೂಲಕ ಕಂಪ್ಯೂಟರಿನಿಂದ ರೀಡರ್ ಒಳಗೇ ಹೋಗಬಹುದು. ದಾಖಲೆಗಳು ಚದುರಿವೆ, ಹಾಗಾಗಿ ಇರುವ ಪ್ಲಗಿನ್‌ಗಳ ಕೋಡ್ ಓದಿ ಕಲಿಯುವುದೇ ಜಾಸ್ತಿ.

ಅಕ್ಕನ ಹತ್ತಿರ ಜೈಲ್‌ಬ್ರೇಕ್ ಮಾಡಿದ ಕಿಂಡಲ್ ಇತ್ತು, ಅದರಲ್ಲೂ ಕೆಒರೀಡರ್. ನನ್ನ ಫೋಲ್ಡರನ್ನೇ ಕಾಪಿ ಮಾಡಿಕೊಟ್ಟೆ. ಒಂದು ಸಾಲೂ ಬದಲಿಸದೆ ಓಡಿತು.